ಕೂಗುವ ಗಾಡಿ, ಕೇಳುವ ಓಣಿ

ಮನೆಯ ಮುಂದೆ ಕಟ್ಟಿದ ದನಗಳನ್ನೆಣಿಸಿ ಮನೆತನದ ಅನುಕೂಲತೆಯನ್ನು ಅಳೆಯುತ್ತಿದ್ದ ಕಾಲವೊಂದಿತ್ತು. ಮಲಪ್ರಭೆಯ ಆಸುಪಾಸಿನ ನಾಡಿನಲ್ಲಿ, ಎಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ, ಆ ಕಾಲ ಇನ್ನೂ ಹಿರಿಯರ ನೆನಪಿನಿಂದ ಮರೆಯಾಗಿಲ್ಲ. ಎತ್ತುಗಳ ಗೂಟವಿದ್ದ ಜಾಗದಲ್ಲಿ ಇಂದು ಬಹಳಷ್ಟು ಮನೆಗಳ ಮುಂದೆ ಮೋಟರ್ ಸೈಕಲ್ ನಿಂತಿರುತ್ತದೆ. ಅಜ್ಜಂದಿರು ಅದನ್ನು ಅದರ ಸಪ್ಪಳದಿಂದಲೇ ಗುರುತಿಸಿ ‘ಫಟಫಟಿ’ ಎಂದರು. ಮೊಮ್ಮಕ್ಕಳು ಎತ್ತಿನ ಬಂಡಿಗಿದ್ದ ಹೆಸರನ್ನೇ ಅದಕ್ಕೂ ಕೊಟ್ಟು ‘ಗಾಡಿ’ ಎನ್ನುತ್ತಾರೆ. ಈ ಹೆಸರಿನ ವರ್ಗಾವಣೆಯಲ್ಲಿ ಅರ್ಥವಿದೆ. ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸದಲ್ಲಿ ದೊಡ್ಡ ಪಾಲನ್ನು ಈಗ ಹೊತ್ತಿರುವುದು ಈ ಗಾಡಿಯೇ.

ನಸುಕಿನಲ್ಲಿ ಹಾಲಿನ ಕ್ಯಾನುಗಳು ಇದರ ಎರಡೂ ಮಗ್ಗುಲಿಗೆ ತೂಗಾಡುತ್ತ ಡೈರಿಗೆ ಹೋಗುತ್ತವೆ. ಹೊತ್ತೇರಿದ ಮೇಲೆ ಹಳ್ಳಿಯ ಶಾಲೆಗೆ ಮಾಸ್ತರರು ಬರುವುದೂ, ಕಾಲೇಜಿಗೆ ಹುಡುಗರು ಹೋಗುವುದೂ ಇದರ ಮೇಲೆಯೇ. ರಾಮದುರ್ಗ, ಸುರೇಬಾನಗಳ ನೇಕಾರನು ನೂಲಿನ ಗಂಟನ್ನು ತರುವುದಕ್ಕೂ ಸೀರೆಯ ಗಂಟನ್ನು ಒಯ್ಯುವುದಕ್ಕೂ ಇದೇ ವಾಹನ. ಬೀಜ, ಗೊಬ್ಬರ, ಬಾಣಂತಿಯ ಬುತ್ತಿ, ಜ್ವರ ಬಂದ ಮಗು, ಎಲ್ಲವನ್ನೂ ಇದು ಹೊರುತ್ತದೆ. ನೂರು ಸಿ.ಸಿ.ಯ ಸಾಧಾರಣ ಗಾಡಿಗೂ ಇಂದು 70ರಿಂದ 90 ಸಾವಿರ ರೂಪಾಯಿ ಬೇಕು. ಬಹುತೇಕರು ಅದನ್ನು ಕೊಳ್ಳುವುದು ಸಾಲದಿಂದ. ಆದುದರಿಂದ ಗಾಡಿ ಕಳುವಾದ ಮನೆಯ ಸಂಕಟ ಎರಡು ಬಗೆಯದು. ಗಾಡಿ ಹೋದರೂ ಕಂತು ಹೋಗುವುದಿಲ್ಲ. ಇಲ್ಲದ ವಾಹನಕ್ಕೆ ಪ್ರತಿ ತಿಂಗಳೂ ಹಣ ಕಟ್ಟುವ ದುಃಖ ಉಳಿದೇ ಉಳಿಯುತ್ತದೆ.

ಈ ಭಯವೇ ನಮ್ಮ ಪೇಟೆಗಳ ಗ್ಯಾರೇಜುಗಳಲ್ಲಿ ಒಂದು ಸಣ್ಣ ಪೆಟ್ಟಿಗೆಗೆ ಗಿರಾಕಿಗಳನ್ನು ಒದಗಿಸಿದೆ. ಗಾಡಿಯನ್ನು ಮಾಡಿದ ಕಾರಖಾನೆಯವರು ಕೊಟ್ಟುದಲ್ಲ ಅದು. ಕೊಂಡವನು ಆಮೇಲೆ ಹೊರಗಿನಿಂದ ತಂದು ಕೂಡಿಸುವ ಅಲಾರಂ. ಯಾರಾದರೂ ಗಾಡಿಯನ್ನು ಅಲುಗಿಸಿದರೆ ಅದು ಕಿವಿ ಹರಿಯುವಂತೆ ಕೂಗುತ್ತದೆ. ಇದನ್ನು ಕೂಡಿಸುವ ಬಗೆ ಹೇಗೆ, ಕೂಡಿಸಿದ ಮೇಲೆ ಇದರಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬುದನ್ನು ವಾಚಕರೊಡನೆ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೇ ಒಂದು ಭೇದವನ್ನು ಗಮನಿಸಬೇಕು. ಬೀಗ ಬೇರೆ, ಅಲಾರಂ ಬೇರೆ. ಬೀಗವು ಕಬ್ಬಿಣವನ್ನು ನಂಬಿದೆ. ಸುತ್ತ ನರಪಿಳ್ಳೆಯಿಲ್ಲದ ಅಡವಿಯಲ್ಲಿಯೂ ಅದು ತನ್ನ ಶಕ್ತಿಯಿದ್ದಷ್ಟು ಕಾಲ ಕಳ್ಳನನ್ನು ತಡೆಯುತ್ತದೆ. ಅಲಾರಂ ಯಾರನ್ನೂ ತಡೆಯಲಾರದು. ಅದು ಕೂಗುತ್ತದೆ, ಅಷ್ಟೆ. ಆ ಕೂಗನ್ನು ಕೇಳಿ ಎದ್ದು ಬರುವ ಮನುಷ್ಯನೊಬ್ಬನಿದ್ದಾನೆ ಎಂಬ ನಂಬಿಗೆಯ ಮೇಲೆ ಅದರ ಬೆಲೆಯೆಲ್ಲ ನಿಂತಿದೆ.

ಹುಯ್ಯಲು

ಯಂತ್ರ ಹೊಸದಾದರೂ ಅದರ ಹಿಂದಿನ ಕಲ್ಪನೆ ನಮ್ಮ ನಾಡಿಗೆ ಹೊಸದಲ್ಲ. ಹಳಗನ್ನಡದಲ್ಲಿ ‘ಪುಯ್ಯಲ್’ ಎಂಬ ಮಾತಿದೆ. ನಡುಗನ್ನಡದಲ್ಲಿ ಅದು ‘ಹುಯ್ಯಲು’ ಆಯಿತು. ‘ಹುಯಿಲೆಬ್ಬಿಸು’ ಎಂಬಲ್ಲಿ ಇಂದಿಗೂ ಉಳಿದಿದೆ. ಆಪತ್ತು ಬಂದಾಗ ಎಲ್ಲರೂ ಕೇಳುವಂತೆ ಇಡುವ ಮೊರೆ, ನೆರವಿಗೆ ಕರೆಯುವ ಬೊಬ್ಬೆ ಎಂದು ಅದರ ಅರ್ಥ. ದನವೇ ಧನವಾಗಿದ್ದ ದಿನಗಳಲ್ಲಿ ಒಂದೂರಿನ ತುರುಗಳನ್ನು ಇನ್ನೊಂದೂರಿನವರು ಹೊಡೆದುಕೊಂಡು ಹೋಗುವುದು ಸಾಮಾನ್ಯವಾಗಿದ್ದಿತು. ಆಗ ದನಗಾಹಿಯು ಓಡಿಬಂದು ಹುಯ್ಯಲಿಡುವನು. ಕೇಳಿದವರಲ್ಲಿ ಕೆಚ್ಚುಳ್ಳವರು ಕೈಗೆ ಸಿಕ್ಕ ಆಯುಧವನ್ನು ಹಿಡಿದು ಬೆನ್ನಟ್ಟುವರು.

ಹಾಗೆ ಬೆನ್ನಟ್ಟಿ ಹೋಗಿ ಮರಳಿ ಬಾರದವರ ನೆನಪಿಗೆ ನಿಲ್ಲಿಸಿದ ವೀರಗಲ್ಲುಗಳು ಕರ್ನಾಟಕದ ತುಂಬ ಹರಡಿವೆ. ಅವುಗಳ ಕೆಳಗಿನ ಪಟ್ಟಿಕೆಯಲ್ಲಿ ಹಸುಗಳ ಹಿಂಡು ಮತ್ತು ಕಾಳಗ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಊರ ಅಗಸೆಯಲ್ಲೋ ಹೊಲದ ಬದುವಿನಲ್ಲೋ ಇಂಥ ಕಲ್ಲನ್ನು ಕಾಣದ ವಾಚಕರು ವಿರಳ. ಆ ಕಲ್ಲಿನ ಮೇಲೆ ಕೊರೆಯದೆ ಬಿಟ್ಟ ಒಂದು ಚಿತ್ರವನ್ನು ನಾವು ಮನಸ್ಸಿನಲ್ಲಿಯೇ ತುಂಬಿಕೊಳ್ಳಬೇಕು. ಹುಯ್ಯಲಿಟ್ಟವನ ಬಾಯಿಯೂ ಅದನ್ನು ಕೇಳಿ ಎದ್ದವನ ಕಿವಿಯೂ ಅಲ್ಲಿ ಕಾಣುವುದಿಲ್ಲ. ಆದರೆ ಅವೆರಡೂ ಕೂಡಿದ್ದರಿಂದಲೇ ಆ ಕಲ್ಲು ಹುಟ್ಟಿತು.

ಭಾರತದ ವಿರಾಟಪರ್ವವನ್ನು ಗದುಗಿನ ನಾರಣಪ್ಪನ ಮಾತಿನಲ್ಲಿ ಕೇಳಿದವರಿಗೆ ಇದರ ಇನ್ನೊಂದು ಮುಖವೂ ತಿಳಿದಿದೆ. ಮೊದಲು ಸುಶರ್ಮನು ದಕ್ಷಿಣ ದಿಕ್ಕಿನಲ್ಲಿ ತುರುಗಳನ್ನು ಹಿಡಿದನು. ಆ ಮೊರೆಗೆ ವಿರಾಟನ ಸೈನ್ಯವೆಲ್ಲ ಅತ್ತ ಹೊರಟಿತು. ಮರುದಿನ ಕೌರವರು ಉತ್ತರದಲ್ಲಿ ಗೋವುಗಳನ್ನು ತರುಬಿದಾಗ, ಗೋಪಾಲಕರ ಮೊರೆಯನ್ನು ಕೇಳಲು ಅರಮನೆಯಲ್ಲಿ ಉಳಿದವನು ಹೆಂಗಳೆಯರ ಮುಂದೆ ಪೌರುಷ ಕೊಚ್ಚುವ ಉತ್ತರಕುಮಾರನೊಬ್ಬನೆ. ಒಂದು ಮೊರೆ ಎಲ್ಲರನ್ನೂ ಒಂದು ಕಡೆಗೆ ಸೆಳೆದಾಗ ಎರಡನೆಯ ಮೊರೆಗೆ ಯಾರೂ ಉಳಿಯುವುದಿಲ್ಲ. ಕಳ್ಳರ ಈ ಯುಕ್ತಿ ಮಹಾಭಾರತದಷ್ಟು ಹಳೆಯದು. ಮೋಟರ್ ಸೈಕಲ್ಲಿನ ಅಲಾರಮಿನ ವಿಷಯದಲ್ಲಿಯೂ ಅದು ಹೇಗೆ ಮರಳಿ ಬರುತ್ತದೆ ಎಂಬುದನ್ನು ಮುಂದೆ ನೋಡೋಣ.

ವಾಲೀಕಾರನ ಕಾವಲು

ಹುಯ್ಯಲನ್ನು ಕೇಳುವ ಹೊಣೆಯನ್ನು ಕೆಚ್ಚುಳ್ಳವರ ಇಚ್ಛೆಗೆ ಬಿಡದೆ, ಅದನ್ನು ಒಬ್ಬರ ಉದ್ಯೋಗವನ್ನಾಗಿ ಮಾಡಿದುದು ಹಳ್ಳಿಯ ವ್ಯವಸ್ಥೆ. ತಳವಾರ, ವಾಲೀಕಾರ, ಶೇತಸನದಿ ಎಂಬ ಹೆಸರುಗಳಿಂದ ನಮ್ಮ ಊರುಗಳಲ್ಲಿ ಕಾವಲಿನವರಿದ್ದರು. ಅವರ ಸೇವೆಗೆ ಪ್ರತಿಯಾಗಿ ಭೂಮಿಯ ಉಂಬಳಿಯಿದ್ದಿತು. ಪೇಶ್ವೆಯರಿಂದ ಗೆದ್ದುಕೊಂಡ ಸೀಮೆಗಳನ್ನು ಕುರಿತು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನು 1819ರಲ್ಲಿ ಬರೆದ ವರದಿಯಲ್ಲಿ ಗ್ರಾಮದ ಕಾವಲುಗಾರನ ಕೆಲಸಗಳ ವಿವರಣೆಯಿದೆ. ಊರಿಗೆ ಬಂದವರು ಯಾರು, ಹೋದವರು ಯಾರು ಎಂಬುದನ್ನು ಆತ ಅರಿತಿರಬೇಕು. ಕಳವಾದರೆ ಕಳ್ಳನ ಹೆಜ್ಜೆಯ ಗುರುತನ್ನು ಹಿಡಿದು ಹೊರಡಬೇಕು. ಹೆಜ್ಜೆ ಪಕ್ಕದೂರಿನ ಸೀಮೆಯನ್ನು ಹೊಕ್ಕರೆ, ಅಲ್ಲಿಂದ ಮುಂದೆ ಅದನ್ನು ಬೆನ್ನಟ್ಟುವ ಹೊಣೆ ಆ ಊರಿನ ಕಾವಲುಗಾರನದು. ಕೂಗು ಊರಿಂದೂರಿಗೆ ಕೈಬದಲಾಯಿಸುತ್ತ ಹೋಗುತ್ತಿದ್ದಿತು.

ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ರಾಯಣ್ಣನು ಇಂಥ ಕಾವಲಿನ ಮನೆತನದವನೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. 1824ರ ಅಕ್ಟೋಬರ 23ರಂದು ಕಿತ್ತೂರ ಕೋಟೆಯ ಮುಂದೆ ಥ್ಯಾಕರೆ ಮಡಿದನು. ಆ ವರ್ಷದ ಕೊನೆಯಲ್ಲಿಯೇ ಕೋಟೆ ಇಂಗ್ಲಿಷರ ವಶವಾಯಿತು. ಸೆರೆಯಲ್ಲಿದ್ದ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಆ ಬಳಿಕವೂ ನಾಡಿನ ಹಳ್ಳಿಗಳನ್ನೆಬ್ಬಿಸಿ ಹೋರಾಡಿದವನು ಈ ಊರ ಕಾವಲಿನವನು. ಹಳ್ಳಿಗೊಂದು ಕಾವಲು, ಕಾವಲಿಗೊಂದು ಕಿವಿ ಇದ್ದ ನಾಡಿನಲ್ಲಿ ಅವನ ಕೂಗಿಗೆ ಜನ ಎದ್ದು ಬಂದರು. ಅವನನ್ನು ಕೊನೆಗೆ ಹಿಡಿದುದು ಇದಿರುಬದಿರಿನ ಕಾಳಗದಲ್ಲಿ ಅಲ್ಲ, ನಂಬಿಸಿ ಮಾಡಿದ ಮೋಸದಲ್ಲಿ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಹೊರಗಿನವನಿಗಾಗಿ ಕಟ್ಟಿದ ಕಾವಲು ಒಳಗಿನವನ ಕೈಯಲ್ಲಿ ಸೋಲುವುದೆಂಬ ಮಾತಿಗೆ ಇದಕ್ಕಿಂತ ಕಹಿಯಾದ ಸಾಕ್ಷಿ ಬೇಕಿಲ್ಲ.

1961ರ ಕರ್ನಾಟಕ ಗ್ರಾಮಾಧಿಕಾರಗಳ ರದ್ದತಿಯ ಕಾಯಿದೆಯಿಂದ ವಂಶಪಾರಂಪರ್ಯದ ಈ ಅಧಿಕಾರಗಳು ಕೊನೆಗೊಂಡವು. ಹುಟ್ಟಿನಿಂದ ಕಟ್ಟಿದ ಸೇವೆಯ ಹಂಗು ಹರಿದದ್ದು ನ್ಯಾಯವೇ ಆಯಿತು. ಆ ಹೆಸರುಗಳು ಈಗ ಬರಿಯ ಅಡ್ಡಹೆಸರುಗಳಾಗಿ ಶಾಲೆಯ ಹಾಜರಿ ಪುಸ್ತಕಗಳಲ್ಲಿ ಉಳಿದಿವೆ. ಆದರೆ ರಾತ್ರಿ ಎಚ್ಚರಿದ್ದು ಕೇಳುವ ಕೆಲಸ ಕಾಯಿದೆಯಿಂದ ಮುಗಿಯಲಿಲ್ಲ. ಆ ಹೊಣೆ ಪೊಲೀಸರಿಗೂ, ಅವರು ಬರುವ ತನಕ ಓಣಿಯ ಜನಕ್ಕೂ ಬಂದಿತು.

ಪೆಟ್ಟಿಗೆಯ ಒಳಗು

ವಿದ್ಯುತ್ತಿನ ಅಲಾರಮಿಗೂ ಈಗ ನೂರೆಪ್ಪತ್ತು ವರ್ಷ ಮಿಕ್ಕಿ ವಯಸ್ಸಾಗಿದೆ. 1853ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಆಗಸ್ಟಸ್ ರಸೆಲ್ ಪೋಪ್ ಎಂಬವನು ಬಾಗಿಲು ಕಿಟಕಿಗಳಿಗೆ ತಂತಿ ಜೋಡಿಸಿ, ಅವು ತೆರೆದರೆ ಗಂಟೆ ಬಾರಿಸುವ ಉಪಕರಣಕ್ಕೆ ಪೇಟೆಂಟ್ ಪಡೆದನು. ಆ ಹಕ್ಕನ್ನು ಕೊಂಡ ಎಡ್ವಿನ್ ಹೋಮ್ಸನು ಅದನ್ನು ದೊಡ್ಡ ವ್ಯಾಪಾರವನ್ನಾಗಿ ಬೆಳೆಸಿದನು. ಬರಿಯ ಗಂಟೆ ಸಾಲದೆಂದು ಕಂಡು, ಮುಂದೆ ಮನೆಗಳ ತಂತಿಗಳನ್ನೆಲ್ಲ ಒಂದು ಕೇಂದ್ರಕ್ಕೆ ಕೂಡಿಸಿ ಅಲ್ಲಿ ಕೇಳುವ ಜನರನ್ನು ಇರಿಸಿದನು. ಗಂಟೆಯನ್ನು ಮಾರಿದವನಿಗೂ ಕಿವಿಯನ್ನು ಒದಗಿಸದೆ ವ್ಯವಸ್ಥೆ ಪೂರ್ತಿಯಾಗಲಿಲ್ಲ.

ಮೋಟರ್ ಸೈಕಲ್ಲಿನ ಅಲಾರಮಿನಲ್ಲಿ ಮುಖ್ಯವಾದ ಅಂಗಗಳು ನಾಲ್ಕು. ಅಲುಗಾಟವನ್ನು ಅರಿಯುವ ಸೆನ್ಸರು, ಅದು ಕೊಟ್ಟ ಸುದ್ದಿಯನ್ನು ತೂಗಿ ನೋಡುವ ಸಣ್ಣ ಮಿದುಳು, ಕೂಗುವ ಸೈರನ್ನು, ಯಜಮಾನನ ಕಿಸೆಯಲ್ಲಿರುವ ರಿಮೋಟು. ಹೆಚ್ಚಿನ ಪೆಟ್ಟಿಗೆಗಳಲ್ಲಿ ಮೊದಲೆರಡು ಒಂದೇ ಕವಚದೊಳಗಿರುತ್ತವೆ. ಇದನ್ನು ಬ್ಯಾಟರಿಯ ಧನ ಮತ್ತು ಋಣ ತುದಿಗಳಿಗೂ, ಚಾವಿ ತಿರುವಿದಾಗ ಮಾತ್ರ ಜೀವ ತಳೆಯುವ ಇಗ್ನಿಷನ್ ವೈರಿಗೂ, ಎಡಬಲದ ಇಂಡಿಕೇಟರುಗಳಿಗೂ ಜೋಡಿಸುತ್ತಾರೆ. ಇಷ್ಟಲ್ಲದೆ ಎಂಜಿನು ಸುರುವಾಗದಂತೆ ಮಾಡುವ ಇನ್ನೊಂದು ಜೋಡಣೆಯೂ ಕೆಲವದರಲ್ಲಿ ಇರುತ್ತದೆ.

ವೈರುಗಳ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. ಆದುದರಿಂದ ಬಣ್ಣವನ್ನು ನಂಬದೆ ಮೀಟರು ಹಿಡಿದು ನೋಡಿ ಕೂಡಿಸುವವನೇ ಒಳ್ಳೆಯ ಮೇಸ್ತ್ರಿ. ಬ್ಯಾಟರಿಯಿಂದ ಬರುವ ವೈರಿಗೆ ಬ್ಯಾಟರಿಯ ಹತ್ತಿರವೇ ಒಂದು ಫ್ಯೂಜು ಇರಬೇಕು. ಅದಿಲ್ಲದಿದ್ದರೆ, ವೈರು ಎಲ್ಲಿಯೋ ಉಜ್ಜಿ ಸಿಪ್ಪೆ ಸುಲಿದು ಚಾಸಿಯನ್ನು ಮುಟ್ಟಿದ ದಿನ, ಕಳ್ಳನಿಂದ ಉಳಿದ ಗಾಡಿ ಬೆಂಕಿಯ ಪಾಲಾದೀತು. ವೈರಿನ ಕೂಡುಗಳನ್ನು ಬರಿಯ ಹೊಸೆದು ಟೇಪು ಸುತ್ತಿದರೆ ಒಂದು ಮಳೆಗಾಲಕ್ಕೆ ಅವು ಕಿಲುಬು ಹಿಡಿಯುತ್ತವೆ. ಬೆಸುಗೆ ಹಾಕಿ, ಮೇಲೆ ಕೊಳವೆ ತೊಡಿಸುವುದು ಲೇಸು. ಹ್ಯಾಂಡಲ್ಲಿನ ಬುಡದಲ್ಲಿ ವೈರುಗಳು ದಿನವೂ ಮಡಚುತ್ತಿರುವುದರಿಂದ ಅಲ್ಲಿ ಕೂಡು ಬರಬಾರದು. ಪೆಟ್ಟಿಗೆಯನ್ನು ಸೀಟಿನ ಕೆಳಗೆ ಚಾಸಿಗೆ ಬಿಗಿಯಾಗಿ ಕಟ್ಟಬೇಕು. ನಡುಗುವ ಪ್ಲ್ಯಾಸ್ಟಿಕ್ ತಗಡಿಗೆ ಕಟ್ಟಿದರೆ ಅದು ಗಾಳಿಗೂ ಬೆದರುತ್ತದೆ. ಸೈರನ್ನಿನ ಬಾಯಿ ಕೆಳಮುಖವಾಗಿರಲಿ. ಮೇಲ್ಮುಖವಾದರೆ ಮಳೆನೀರು ತುಂಬಿ ಅದು ಮೂಕವಾಗುತ್ತದೆ. ಸೈಲೆನ್ಸರಿನ ಕಾವು ತಗಲುವ ಕಡೆಗೂ ಅದನ್ನು ಕೂಡಿಸಬಾರದು.

ಎಂಜಿನನ್ನು ತಡೆಯುವ ಜೋಡಣೆಯಲ್ಲಿ ಹೆಚ್ಚಿನ ಎಚ್ಚರ ಬೇಕು. ಹಳೆಯ ಗಾಡಿಗಳಲ್ಲಿ ಕಿಡಿ ಹುಟ್ಟಿಸುವ ವ್ಯವಸ್ಥೆ ಒಂದು ಬಗೆಯದು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲಿನ ಗಾಡಿಗಳಲ್ಲಿ ಬಹುಪಾಲಿಗೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಲೆಕ್ಟ್ರಾನಿಕ್ ವ್ಯವಸ್ಥೆಯಿದೆ. ಒಂದಕ್ಕೆ ಹೊಂದುವ ಜೋಡಣೆ ಇನ್ನೊಂದಕ್ಕೆ ಅಪಾಯಕರ. ಹೊಸ ಗಾಡಿಯ ಕಂಪ್ಯೂಟರಿಗೆ ಹೋಗುವ ವೈರುಗಳನ್ನು ಕತ್ತರಿಸಿದರೆ ದುರಸ್ತಿಯ ಖರ್ಚು ಅಲಾರಮಿನ ಬೆಲೆಯ ಎಷ್ಟೋ ಪಟ್ಟು ಆದೀತು. ವಾರಂಟಿಯ ಅವಧಿ ಮುಗಿಯದ ಗಾಡಿಯಾದರೆ, ವೈರಿಗೆ ಕೈಯಿಡುವ ಮೊದಲು ಮಾರಿದವರನ್ನು ಕೇಳಿಕೊಳ್ಳುವುದು ವಿವೇಕ. ಓಡುತ್ತಿರುವ ಗಾಡಿಯ ಎಂಜಿನನ್ನು ನಿಲ್ಲಿಸುವ ಸೌಕರ್ಯವೂ ಕೆಲವು ಪೆಟ್ಟಿಗೆಗಳಲ್ಲಿ ಇದೆ. ಅದನ್ನು ಜೋಡಿಸದಿರುವುದೇ ಕ್ಷೇಮ. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಹೋಗುವಾಗ ಒಂದು ಸಡಿಲ ವೈರಿನಿಂದ ಎಂಜಿನು ನಿಂತರೆ, ಜೀವಕ್ಕೆ ಎರವಾಗಬಹುದು. ರಿಮೋಟಿನಿಂದ ಗಾಡಿ ಸುರುಮಾಡುವ ಸೌಕರ್ಯವೂ ಅಂಥದೇ. ಇಳುಕಲಿನಲ್ಲಿ ಗೇರು ಹಾಕಿ ನಿಲ್ಲಿಸುವ ರೂಢಿ ನಮ್ಮಲ್ಲಿದೆ. ಗೇರಿನಲ್ಲಿರುವ ಗಾಡಿ ಯಜಮಾನನಿಲ್ಲದೆ ಸುರುವಾದರೆ ಮುಂದಕ್ಕೆ ಹಾರಿ ಬೀಳುತ್ತದೆ.

ಕಾವಲುಗಾರನಿಗೆ ಅನ್ನ ಬೇಕಲ್ಲವೆ? ಅಲಾರಮಿನ ಅನ್ನ ಬ್ಯಾಟರಿಯ ವಿದ್ಯುತ್ತು. ಪೆಟ್ಟಿಗೆಯೊಂದು ಸುಮ್ಮನೆ ಎಚ್ಚರಿರುವುದಕ್ಕೆ 10 ಮಿಲಿ ಆಂಪಿಯರ್ ಎಳೆಯುತ್ತದೆ ಎಂದು ಇಟ್ಟುಕೊಳ್ಳೋಣ. ದಿನದ 24 ಗಂಟೆಗೆ 240 ಮಿಲಿ ಆಂಪಿಯರ್ ಗಂಟೆಗಳಾದವು. ಸಣ್ಣ ಗಾಡಿಯ ಬ್ಯಾಟರಿಯ ಶಕ್ತಿ 3 ಆಂಪಿಯರ್ ಗಂಟೆಗಳಷ್ಟಾದರೆ, ಗಾಡಿ ಓಡದೆ ನಿಂತ 12–13 ದಿನಗಳಲ್ಲಿ ಅದು ಪೂರ್ತಿ ಬರಿದು. ಸೆಲ್ಫ್ ಸ್ಟಾರ್ಟ್ ಕೈಕೊಡುವುದು ಅದಕ್ಕೂ ಬಹಳ ಮೊದಲೇ. ರಜೆಗೆ ಊರಿಗೆ ಹೋದ ವಿದ್ಯಾರ್ಥಿಯು ಮರಳಿ ಬಂದು ಕೀಲಿ ತಿರುವಿದಾಗ ಗಾಡಿ ಮೌನವಾಗಿದ್ದರೆ ಅದಕ್ಕೆ ಕಾರಣ ಇದೇ ಇರಬಹುದು. ಕಡಮೆ ವಿದ್ಯುತ್ತು ಸಾಕೆನ್ನುವ ಪೆಟ್ಟಿಗೆಯನ್ನು ಆರಿಸುವುದು, ಬಹುದಿನ ನಿಲ್ಲಿಸುವಾಗ ಬ್ಯಾಟರಿಯ ತಂತಿಯನ್ನು ಬಿಚ್ಚಿ ಗಾಡಿಯನ್ನು ಮನೆಯೊಳಗೆ ಇಡುವುದು, ಇವು ಇದರ ಪರಿಹಾರ.

ಕೂಗು ಕೇಳದ ಎಡೆಗಳು

ಇಷ್ಟು ಒಪ್ಪವಾಗಿ ಕೂಡಿಸಿದ ಮೇಲೂ ಕೂಗು ಎಲ್ಲಿಯ ವರೆಗೆ ಮುಟ್ಟೀತು? ಮೀಟರು ದೂರದಲ್ಲಿ 110 ಡೆಸಿಬೆಲ್ ಇರುವ ಸಪ್ಪಳವು ಬಯಲಿನಲ್ಲಿ ದೂರ ಇಮ್ಮಡಿಸಿದಂತೆಲ್ಲ ಸುಮಾರು 6 ಡೆಸಿಬೆಲ್ ತಗ್ಗುತ್ತದೆ. 32 ಮೀಟರಿನ ಹೊತ್ತಿಗೆ ಅದು 80ರ ಆಸುಪಾಸಿಗೆ ಇಳಿದಿರುತ್ತದೆ; ನಡುವೆ ಗೋಡೆ ಬಂದರೆ ಇನ್ನೂ ಕಡಮೆ. ಬೈಲಹೊಂಗಲದ ಒಂದು ಓಣಿಯ ಮಧ್ಯರಾತ್ರಿಯಲ್ಲಿ ಇಷ್ಟು ಸಪ್ಪಳ ಧಾರಾಳವಾಯಿತು. ಆದರೆ ಎಲ್ಲ ಎಡೆಯೂ ಓಣಿಯಲ್ಲ, ಎಲ್ಲ ಹೊತ್ತೂ ಮಧ್ಯರಾತ್ರಿಯಲ್ಲ.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಹೋಗಿ ನೋಡಿರಿ. ಚಕ್ಕಡಿಗಳ, ಲಾರಿಗಳ, ಮೋಟರ್ ಸೈಕಲ್ಲುಗಳ ಸಾಲು ಕಣ್ಣು ಹರಿಯುವ ವರೆಗೆ. ಚೌಡಿಕೆ, ಜಾಗಟೆ, ‘ಉಧೋ ಉಧೋ’ ಎಂಬ ಘೋಷ, ಭಂಡಾರದ ಹಾರಾಟ. ಅಲ್ಲಿ ಒಂದು ಗಾಡಿ ಕೂಗಿದರೆ ಕೇಳುವವರಾರು? ಕೇಳಿದರೂ, ಅದು ಯಾರದೆಂದು ಅರಿಯುವವರಾರು? ಗುಂಪು ದೊಡ್ಡದಾದಷ್ಟೂ ಕಿವಿಗಳು ಹೆಚ್ಚುತ್ತವೆ, ನೆರೆಯವರು ಕಡಮೆಯಾಗುತ್ತಾರೆ. ಅಂಥಲ್ಲಿ ಅಲಾರಮಿಗಿಂತ ಚಕ್ರಕ್ಕೆ ಹಾಕಿದ ಸರಪಳಿಯ ಬೀಗವೇ ಮೇಲು. ಅದಕ್ಕೂ ಮೇಲು, ಚಕ್ಕಡಿಯ ಬಳಿ ಅಡಿಗೆ ಮಾಡುತ್ತ ಕೂತ ಪರಿಚಯದವರೊಬ್ಬರ ಕಣ್ಣು.

ರಾಮದುರ್ಗದ ಕಡೆಯ ಮಗ್ಗದ ಮನೆಗಳಲ್ಲಿ ಬೇರೆ ತೊಡಕು. ವಿದ್ಯುತ್ ಮಗ್ಗಗಳ ಬಡಿತದ ನಡುವೆ ನಿಂತವನಿಗೆ ಪಕ್ಕದವನ ಮಾತೇ ಕೇಳುವುದಿಲ್ಲ. ಬಾಗಿಲ ಹೊರಗಿನ ಗಾಡಿಯ ಕೂಗು ಕೇಳುವ ಬಗೆಯೆಂತು? ಇನ್ನು ಕಿತ್ತೂರು. ಅದು ಬೆಳಗಾವಿ ಧಾರವಾಡಗಳ ನಡುವೆ ಹೆದ್ದಾರಿಯ ಮೇಲೆಯೇ ಇದೆ. ಹಳ್ಳಿಯಿಂದ ಗಾಡಿಯ ಮೇಲೆ ಬಂದು, ಅದನ್ನು ಅಲ್ಲಿ ನಿಲ್ಲಿಸಿ, ಮುಂದಿನ ಊರಿಗೆ ಬಸ್ಸು ಹತ್ತುವವನಿಗೆ ರಿಮೋಟು ಸಂಜೆಯ ತನಕ ಬರಿಯ ಭಾರ. ಅದರ ಅಳವು ಕೆಲವೇ ಹತ್ತು ಮೀಟರು. ಯಜಮಾನನು ಹೋದುದು ಹತ್ತಾರು ಮೈಲಿ. ಹಾಗೆ ಒಂಟಿಯಾಗಿ ನಿಂತ ಗಾಡಿಯ ಕೂಗು ಚಹದ ಅಂಗಡಿಯವನಿಗೆ ಕೇಳಿಸುತ್ತದೆ. ಆತ ಎದ್ದು ನೋಡುವುದೂ ಬಿಡುವುದೂ ಅವನ ಮನಸ್ಸಿಗೆ ಬಿಟ್ಟ ಮಾತು. ದಿನವೂ ಅಲ್ಲಿ ಗಾಡಿ ನಿಲ್ಲಿಸುವವನು ಆ ಅಂಗಡಿಯವನಿಗೆ ತನ್ನ ಹೆಸರು, ಊರು, ಫೋನಿನ ಸಂಖ್ಯೆಗಳನ್ನು ಹೇಳಿ ಹೋಗುವುದು ಪೆಟ್ಟಿಗೆಯ ಐದನೆಯ ಅಂಗವೆಂದು ತಿಳಿಯಬೇಕು.

ಸುಳ್ಳು ಕೂಗು

ತೋಳ ಬಂತೆಂದು ಸುಮ್ಮಸುಮ್ಮನೆ ಕೂಗಿದ ಕುರಿಗಾಹಿ ಹುಡುಗನ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹುಡುಗನು ಕೂಗಿದುದು ಚೇಷ್ಟೆಗೆ. ಅಲಾರಂ ಕೂಗುವುದು ಅವಿವೇಕಕ್ಕೆ. ಸೆನ್ಸರಿನ ಸೂಕ್ಷ್ಮತೆಯನ್ನು ಏರಿಸಿಟ್ಟರೆ, ಬೆಕ್ಕು ಸೀಟಿನ ಮೇಲೆ ಹಾರಿದರೂ, ಕಬ್ಬು ಹೇರಿದ ಟ್ರ್ಯಾಕ್ಟರು ಮಗ್ಗುಲಲ್ಲಿ ಹಾದರೂ, ದೂರದಲ್ಲಿ ಗುಡುಗಿದರೂ ಅದು ಬೊಬ್ಬಿಡುತ್ತದೆ. ಮೊದಲನೆಯ ರಾತ್ರಿ ಎದುರುಮನೆಯ ಹಿರಿಯರು ಎದ್ದು ಬರುತ್ತಾರೆ, “ಏ ತಮ್ಮಾ, ನಿನ್ನ ಗಾಡಿ ಒದರಾಕ ಹತ್ತೇತಿ, ನೋಡೋ” ಎನ್ನುತ್ತಾರೆ. ಎರಡನೆಯ ರಾತ್ರಿ ಕಿಟಕಿಯಿಂದಲೇ ನೋಡುತ್ತಾರೆ. ನಾಲ್ಕನೆಯ ರಾತ್ರಿ ಮುಸುಕು ಎಳೆದುಕೊಂಡು ಮಲಗುತ್ತಾರೆ. ಐದನೆಯ ರಾತ್ರಿ ಕಳ್ಳ ಬಂದರೆ ಅವನಿಗೆ ಯಾವ ಅಡ್ಡಿಯೂ ಇಲ್ಲ. ಕೂಗು ಇದೆ, ಆದರೆ ಅದರ ಅರ್ಥ ಸತ್ತುಹೋಗಿದೆ.

ಚತುರನಾದ ಕಳ್ಳನು ಈ ನಾಲ್ಕು ರಾತ್ರಿಗಳನ್ನು ಕಾಯುವುದೂ ಇಲ್ಲ. ಒಂದೇ ರಾತ್ರಿಯಲ್ಲಿ ಮೂರು ಸಲ ಗಾಡಿಯನ್ನು ಅಲುಗಿಸಿ ಮರೆಗೆ ಸರಿಯುತ್ತಾನೆ. ಮೂರನೆಯ ಸಲ ಯಜಮಾನನೇ ಬೇಸತ್ತು, ಯಂತ್ರ ಕೆಟ್ಟಿತೆಂದು ರಿಮೋಟಿನಿಂದ ಅದರ ಬಾಯಿ ಕಟ್ಟಿ ಮಲಗುತ್ತಾನೆ. ಸುಶರ್ಮನ ದಾಳಿಯ ಯುಕ್ತಿ ಇದೇ ಅಲ್ಲವೆ? ಮೊದಲಿನ ಮೊರೆಗಳಲ್ಲಿ ಕಾಯುವವನ ಬಲವನ್ನೆಲ್ಲ ಖರ್ಚು ಮಾಡಿಸಿ, ನಿಜವಾದ ಕಳವನ್ನು ಕೊನೆಗೆ ಇಡುವುದು. ಆದುದರಿಂದ ಒಂದು ರಾತ್ರಿ ಎರಡು ಸಲ ಕೂಗಿದ ಗಾಡಿಯನ್ನು ಸುಮ್ಮನಾಗಿಸದೆ ಅಂಗಳದೊಳಕ್ಕೆ ತಂದುಕೊಳ್ಳುವುದೇ ಸರಿ.

ನಿದ್ದೆಯೂ ಒಂದು ಸೊತ್ತು. ಅದನ್ನು ಕದಿಯುವುದೂ ಕಳವೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯ ಭಾಗದಲ್ಲಿ ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಸಪ್ಪಳದ ಮಿತಿ 45 ಡೆಸಿಬೆಲ್. ನಿಜವಾದ ಕಳ್ಳನಿಗಾಗಿ ಆ ಮಿತಿಯನ್ನು ಮೀರಿದ ಕೂಗನ್ನು ಯಾರೂ ಆಕ್ಷೇಪಿಸಲಾರರು. ಬೆಕ್ಕಿಗಾಗಿ ಮೀರಿದರೆ, ಹಸುಗೂಸಿನ ತಾಯಿಗೂ, ಪರೀಕ್ಷೆಗೆ ಓದುವ ಹುಡುಗಿಗೂ, ಉಬ್ಬಸದ ಮುದುಕನಿಗೂ ನಾವು ಕೊಡುವ ಉತ್ತರವೇನು? ಸೂಕ್ಷ್ಮತೆಯನ್ನು ತಗ್ಗಿಸಿ, ಕೈಯಿಂದ ಸ್ವಲ್ಪ ಮುಟ್ಟಿದರೆ ಸುಮ್ಮನಿರುವಂತೆ, ಹ್ಯಾಂಡಲ್ ತಿರುವಿ ಸ್ಟ್ಯಾಂಡಿನಿಂದ ಇಳಿಸಿದರೆ ಮಾತ್ರ ಕೂಗುವಂತೆ ಇರಿಸಬೇಕು. ಕೂಡಿಸಿದ ದಿನವೇ ನಾಲ್ಕಾರು ಸಲ ಪರೀಕ್ಷಿಸಿ ಇದನ್ನು ಹೊಂದಿಸುವುದಕ್ಕೆ ಅರ್ಧ ತಾಸು ಸಾಕು. ಪೆಟ್ಟಿಗೆಯನ್ನು ಕೂಡಿಸುವ ಕೆಲಸದಲ್ಲಿ ಜನರು ಬಿಟ್ಟುಬಿಡುವುದು ಈ ಅರ್ಧ ತಾಸನ್ನೇ. ಉಳಿದೆಲ್ಲದರ ಫಲ ನಿಂತಿರುವುದೂ ಅದರ ಮೇಲೆಯೇ.

ಓಣಿಯ ಋಣ

ಆಕಳು ಕಳುವಾದಾಗ ಬೊಬ್ಬೆಯಿಡಬೇಡಿರೆಂದು ಬಸವಣ್ಣನವರು ಒಂದು ವಚನದಲ್ಲಿ ಹೇಳಿದ್ದಾರೆ. ಒಯ್ದವನಲ್ಲಿಯೂ ಇರುವವನಲ್ಲಿಯೂ ಒಬ್ಬನೇ ದೇವನನ್ನು ಕಂಡ ಮಹಾತ್ಮರ ಮಾತು ಅದು. ಕಂತು ಕಟ್ಟಿ ಗಾಡಿ ಕೊಂಡ ನಮ್ಮ ಸಂಸಾರಿಗೆ ಆ ಎತ್ತರ ಸಾಧಿಸಿಲ್ಲ, ಅವನು ಕೂಗಲೇಬೇಕು. ಆದರೆ ಕೂಗುವವನಿಗೂ ಒಂದು ಧರ್ಮವಿದೆ. ಕೂಗು ನಿಜವಾಗಿರಬೇಕು ಎಂಬುದು ಅದರ ಮೊದಲನೆಯ ಸೂತ್ರ. ಇನ್ನೊಬ್ಬರ ಕೂಗಿಗೆ ತಾನೂ ಏಳಬೇಕು ಎಂಬುದು ಎರಡನೆಯದು.

ಇದರ ಜೊತೆಗೆ ಕೆಲವು ಲೌಕಿಕವಾದ ಎಚ್ಚರಗಳನ್ನೂ ಹೇಳಬೇಕು. ಅಲಾರಂ ಇದೆಯೆಂದು ಹ್ಯಾಂಡಲ್ಲಿನ ಬೀಗವನ್ನು ಹಾಕದಿರುವುದು ತಪ್ಪು. ಚಾವಿಯನ್ನು ಗಾಡಿಯಲ್ಲಿಯೇ ಬಿಟ್ಟು ಅಂಗಡಿಯೊಳಗೆ ಹೋದವನಿಗೆ ಯಾವ ಪೆಟ್ಟಿಗೆಯೂ ರಕ್ಷೆಯಲ್ಲ. ಎಂಜಿನು ಮತ್ತು ಚಾಸಿಯ ಸಂಖ್ಯೆಗಳನ್ನು ಮನೆಯಲ್ಲಿ ಬರೆದಿಟ್ಟಿರಬೇಕು; ಎರಡೂ ಚಾವಿಗಳನ್ನು ಜೋಪಾನ ಮಾಡಬೇಕು, ಏಕೆಂದರೆ ವಿಮೆಯವರು ಅವನ್ನು ಕೇಳುತ್ತಾರೆ. ವಿಮೆಯ ಮಾತು ಬಂದಾಗ ಒಂದು ಸಂಗತಿ ಮುಖ್ಯ. 2018ರ ಸೆಪ್ಟೆಂಬರದಿಂದ ಹೊಸ ಮೋಟರ್ ಸೈಕಲ್ಲುಗಳಿಗೆ 5 ವರ್ಷದ ವಿಮೆ ಕಡ್ಡಾಯವಾಗಿದೆ. ಆದರೆ ಅದು ಅಪಘಾತದಲ್ಲಿ ಅನ್ಯರಿಗಾಗುವ ಹಾನಿಯ ವಿಮೆ ಮಾತ್ರ. ಕಳವಿಗೆ ಪರಿಹಾರ ಕೊಡುವ ಭಾಗ ಸಾಮಾನ್ಯವಾಗಿ ಮೊದಲನೆಯ ವರ್ಷಕ್ಕೇ ಮುಗಿದಿರುತ್ತದೆ. ಐದು ವರ್ಷದ ಕಾಗದ ಕೈಯಲ್ಲಿದೆಯೆಂದು ನಿಶ್ಚಿಂತನಾಗಿರುವವನು ಒಮ್ಮೆ ಅದನ್ನು ತೆಗೆದು ಓದಿ ನೋಡಲಿ. ಕಳವಾದ ಬಳಿಕ ಓದುವುದು, ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ.

ಅಲಾರಂ ಕೂಡಿಸಿದವನು ಅಂದೇ ಸಂಜೆ ಎಡಬಲದ ಮನೆಗಳಿಗೆ ಹೋಗಿ, ಅದರ ಕೂಗನ್ನು ಒಮ್ಮೆ ಕೇಳಿಸಿ, “ಕಾಕಾ, ಇದು ನಮ್ಮ ಗಾಡಿ. ರಾತ್ರಿ ಒದರಿದರ ಒಂದೀಟ ನೋಡ್ರಿ” ಎಂದು ಹೇಳಿ ಬರಲಿ. ಸೈರನ್ನುಗಳ ಕೂಗು ಒಂದರಂತೆ ಇನ್ನೊಂದು. ಗುರುತು ಹೇಳಿದ ಮೇಲೆಯೇ ಅದು ಯಾರದೋ ಸಪ್ಪಳವಾಗಿ ಉಳಿಯದೆ ನೆರೆಯವನ ಮೊರೆಯಾಗುತ್ತದೆ. ಕೂಗು ಕೇಳಿ ಬಂದವರು ಒಬ್ಬೊಬ್ಬರೇ ಕಳ್ಳನ ಮೇಲೆ ಬೀಳುವ ಸಾಹಸ ಮಾಡಬೇಕಾಗಿಲ್ಲ. ದೀಪ ಹಚ್ಚಿ, ನಾಲ್ವರನ್ನು ಎಬ್ಬಿಸಿ, 112ಕ್ಕೆ ಫೋನು ಮಾಡಿದರೆ ಓಣಿಯ ಕರ್ತವ್ಯ ಸಂದಿತು. ಕಳ್ಳ ಸಿಕ್ಕಿದರೂ ಅವನನ್ನು ದಂಡಿಸುವ ಅಧಿಕಾರ ಓಣಿಗಿಲ್ಲ. ಹಿಡಿದು ಪೊಲೀಸರಿಗೆ ಒಪ್ಪಿಸುವ ವರೆಗೇ ಅದರ ಧರ್ಮ.

ಸಾವಿರ ಎರಡು ಸಾವಿರ ರೂಪಾಯಿಗೆ ಅಂಗಡಿಯಲ್ಲಿ ಸಿಕ್ಕುವುದು ಕೂಗುವ ಗಂಟಲು. ಕೇಳುವ ಕಿವಿ ಯಾವ ಅಂಗಡಿಯಲ್ಲಿಯೂ ಸಿಕ್ಕುವುದಿಲ್ಲ. ಮದುವೆಗೆ ಪಾತ್ರೆ ಕೊಟ್ಟು, ಜಡ್ಡಾದಾಗ ಗಂಜಿ ಒಯ್ದು, ಸತ್ತಾಗ ಹೆಗಲು ಕೊಟ್ಟು ತಲೆಮಾರುಗಳಿಂದ ಕೂಡಿಸಿಟ್ಟ ಗಂಟು ಅದು. ಒಂದೊಂದು ಸುಳ್ಳು ಕೂಗಿಗೆ ಅದರಿಂದ ಒಂದೊಂದು ನಾಣ್ಯ ಕಳೆಯುತ್ತದೆ. ಒಂದೊಂದು ಸಲ ನಾವು ಇನ್ನೊಬ್ಬರಿಗಾಗಿ ಎದ್ದಾಗ ಒಂದು ನಾಣ್ಯ ಸೇರುತ್ತದೆ. ಗಾಡಿಗೆ ಅಲಾರಂ ಕೂಡಿಸುವವನು ಬ್ಯಾಟರಿಯ ಲೆಕ್ಕದ ಜೊತೆಗೆ ಈ ಲೆಕ್ಕವನ್ನೂ ಇಟ್ಟುಕೊಳ್ಳುವುದು ಮೇಲು.